ಒಂಬತ್ತನೇ ತರಗತಿಗೆ ಯಾವ ಇಂಗ್ಲಿಷ್? ಮನೆಯಲ್ಲಿ ನಾವೇನು ಮಾಡಬಹುದು?

ಡೊಂಬಿವಲಿಯ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಇಲ್ಲೇ ಮುಂಬಯಿ ಹತ್ತಿರ ಕನ್ನಡ ಮಾಧ್ಯಮದಲ್ಲಿ ಎಂಟನೇ ತರಗತಿ ಮುಗಿಸುತ್ತಿದ್ದಾಳೆ. ಚುರುಕಿನ ಹುಡುಗಿ, ಗಣಿತ ಅಂದರೆ ಪ್ರಾಣ. ಈಗ ಮನೆಯಲ್ಲಿ ದಿನಾ ಇದೇ ಮಾತು. ಒಂಬತ್ತಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿ ಅಂತ ನನ್ನ ನಾದಿನಿ. ಹತ್ತು ಮುಗಿಯುವ ತನಕ ಇಲ್ಲೇ ಇರಲಿ ಅಂತ ಶಾಲೆಯ ಟೀಚರ್. ಪುಣೆಯಲ್ಲಿರುವ ನಮ್ಮಣ್ಣ ಸಿಬಿಎಸ್‌ಇಗೇ ಸೇರಿಸಿ ಬಿಡು ಅನ್ನುತ್ತಾನೆ.

ನಾನು ವಿಜಯಪುರದ ಕಡೆಯವಳು. ಪಿಯುಸಿವರೆಗೆ ಕನ್ನಡದಲ್ಲೇ ಓದಿದ್ದು. ನಮ್ಮ ಯಜಮಾನರು ಬೆಳಗ್ಗೆ ಆರರ ಲೋಕಲ್ ಹಿಡಿದರೆ ಮನೆಗೆ ಬರುವುದು ರಾತ್ರಿ ಒಂಬತ್ತಕ್ಕೆ. ಹೋದ ವಾರ ಮಗಳು ಇಂಗ್ಲಿಷ್ ಪುಸ್ತಕ ಹಿಡಿದು ಅಡುಗೆಮನೆಗೆ ಬಂದಳು. ‘ಅಮ್ಮ, ರಿಪೋರ್ಟೆಡ್ ಸ್ಪೀಚ್ ಹೇಳಿಕೊಡು’ ಅಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ಒರೆಸಿಕೊಂಡು ನೋಡಿದೆ. ಏನೂ ತಿಳಿಯಲಿಲ್ಲ. ‘ಟೀಚರ್‌ನ ಕೇಳು’ ಅಂದೆ. ಅವಳು ಸುಮ್ನೆ ಪುಸ್ತಕ ಮುಚ್ಚಿಕೊಂಡು ಹೋದಳು. ಅವತ್ತಿನಿಂದ ಇಂಗ್ಲಿಷ್ ಪುಸ್ತಕ ನನ್ನ ಹತ್ತಿರ ತಂದಿಲ್ಲ. ಅದೇ ನನಗೆ ಜಾಸ್ತಿ ನೋವು.

ಯಾವುದನ್ನು ಆರಿಸಲಿ? ಇಂಗ್ಲಿಷ್ ಬಾರದ ನಾನು ಮನೆಯಲ್ಲಿ ಏನು ಮಾಡಲಿ?

ಮುಲುಂಡ್‌ನ ಸೋದರಮಾವ

ತಂಗಿ, ನಮ್ಮ ಅಕ್ಕನ ಮಗನನ್ನು ಒಂಬತ್ತಕ್ಕೆ ಬದಲಿಸಿದೆವು. ಎಂಬತ್ತರ ಮೇಲೆ ತೆಗೆಯುತ್ತಿದ್ದ ಹುಡುಗ ಮೊದಲ ವರ್ಷ ಐವತ್ತೈದಕ್ಕೆ ಬಂದ. ತುಂಬ ಮಂಕಾದ. ಆದರೆ ಹತ್ತರಲ್ಲಿ ಸುಧಾರಿಸಿಕೊಂಡ, ಹನ್ನೊಂದಕ್ಕೆ ಹೋದಾಗ ಅವನಿಗೆ ಹೊಸದಾಗಿ ಕಷ್ಟ ಅನ್ನಿಸಲಿಲ್ಲ. ಆ ಪೆಟ್ಟು ಒಂದು ದಿನ ಬೀಳಲೇಬೇಕು, ಬೇಗ ಬಿದ್ದರೆ ಒಳ್ಳೆಯದು ಅಂತ ನನ್ನ ಅನಿಸಿಕೆ. ಮತ್ತೆ, ಮನೆಯಲ್ಲಿ ಇನ್ನು ಮೇಲೆ ಇಂಗ್ಲಿಷ್‌ನಲ್ಲೇ ಮಾತಾಡಿ. ಬೇರೆ ದಾರಿ ಇಲ್ಲ.

ಮಾಟುಂಗಾದ ಮೇಷ್ಟ್ರು

ತಾಯೀ, ನಾನು ಮುಂಬಯಿಯ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಅದಕ್ಕೂ ಮುಂಚೆ ಫೋರ್ಟ್ ಕಡೆ ರಾತ್ರಿ ಶಾಲೆಯಲ್ಲಿ ಕಲಿಸಿದ್ದೇನೆ. ಹಗಲು ಹೋಟೆಲ್‌ನಲ್ಲಿ ಕೆಲಸ ಮಾಡಿ ರಾತ್ರಿ ಬೆಂಚಿನ ಮೇಲೆ ಕೂರುತ್ತಿದ್ದ ಹುಡುಗರವರು. ಅವರ ಮನೆಯವರು ಊರಲ್ಲಿ. ಹೇಳಿಕೊಡುವವರು ಯಾರೂ ಇರಲಿಲ್ಲ. ಅವರಲ್ಲಿ ಎಷ್ಟೋ ಜನ ಕಲಿತರು. ಹಾಗಾಗಿ ಮೊದಲು ಆ ಭಯ ಬಿಡಿ.

ನೀವು ಎರಡು ಬೇರೆ ಬೇರೆ ವಿಷಯವನ್ನು ಒಂದೇ ಅಂದುಕೊಂಡಿದ್ದೀರಿ. ಒಂದು ಮಾಧ್ಯಮ. ಇನ್ನೊಂದು ಇಂಗ್ಲಿಷ್ ಪತ್ರಿಕೆ. ಮಹಾರಾಷ್ಟ್ರ ಬೋರ್ಡಿನಲ್ಲಿ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಪ್ರಥಮ ಭಾಷೆ, ಅವರ ಪುಸ್ತಕ ಕುಮಾರಭಾರತಿ. ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ತೃತೀಯ ಭಾಷೆ, ಪುಸ್ತಕ ಮೈ ಇಂಗ್ಲಿಷ್ ಕೋರ್ಸ್‌ಬುಕ್. ಎರಡಕ್ಕೂ ಬರೆಯುವುದು 80 ಅಂಕಕ್ಕೆ, ಶಾಲೆಯಲ್ಲಿ ಕೊಡುವುದು 20. ಪತ್ರಿಕೆಗೆ ಆಕ್ಟಿವಿಟಿ ಶೀಟ್ ಅನ್ನುತ್ತಾರೆ. ಪಾಠ ಬಾಯಿಪಾಠ ಮಾಡಿ ಬರೆಯುವ ಕಾಲ ಹೋಯಿತು. ಓದದ ಗದ್ಯ ಕೊಡುತ್ತಾರೆ, ಪತ್ರ ಬರೆಸುತ್ತಾರೆ, ಪದ್ಯದ ರಸಗ್ರಹಣ ಕೇಳುತ್ತಾರೆ. ವ್ಯೂ ಕೌಂಟರ್‌ವ್ಯೂ ಅಂತ ಒಂದಿದೆ. ಒಂದು ವಾದ ಕೊಟ್ಟರೆ ಅದಕ್ಕೆ ಎದುರು ವಾದ ಬರೆಯಬೇಕು.

ತೃತೀಯ ಭಾಷೆಯ ಪತ್ರಿಕೆಯಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. ಇಂಗ್ಲಿಷ್ ಪದ, ವಾಕ್ಯ, ಗಾದೆಗಳನ್ನು ಮಗು ತನ್ನ ಮಾಧ್ಯಮದ ಭಾಷೆಗೆ ಅನುವಾದ ಮಾಡಬೇಕು. ಅಂದರೆ ಕನ್ನಡಕ್ಕೆ. ಒಳ್ಳೆ ಕನ್ನಡ ಬರುವ ಮಗುವಿಗೆ ಅದು ಕೈಯಲ್ಲಿರುವ ಅಂಕ.

ಹತ್ತನೇ ಮಾರ್ಕ್ಸ್ ಕಾರ್ಡಿನಲ್ಲಿ ಪ್ರಥಮ ಭಾಷೆ ಇರಲಿ, ತೃತೀಯ ಭಾಷೆ ಇರಲಿ, ಹನ್ನೊಂದನೇ ತರಗತಿಯ ಬಾಗಿಲು ಒಂದೇ. 2025ರಿಂದ ಆ ಪ್ರವೇಶ ಇಡೀ ರಾಜ್ಯಕ್ಕೆ ಆನ್‌ಲೈನ್ ಆಗಿದೆ. ಒಳಗೆ ಹೋದ ಮೇಲೆ ಇಬ್ಬರೂ ಒಂದೇ ಬೆಂಚು, ಒಂದೇ ಇಂಗ್ಲಿಷ್ ಪುಸ್ತಕ, ಯುವಕಭಾರತಿ. ವಿಜ್ಞಾನವಾದರೂ ಕಾಮರ್ಸ್ ಆದರೂ ಇಂಗ್ಲಿಷ್ ಕಡ್ಡಾಯ. ಅದಕ್ಕೇ ನಾನು ಹೇಳುವುದು, ನಿಮ್ಮ ಪ್ರಶ್ನೆ ಒಂಬತ್ತನೇ ತರಗತಿಯದಲ್ಲ, ಹನ್ನೊಂದನೆಯದು. ಅಲ್ಲಿಗೆ ಎರಡು ವರ್ಷ ಇದೆ. ಆ ಎರಡು ವರ್ಷವನ್ನು ಹೇಗೆ ಬಳಸುತ್ತೀರಿ ಅನ್ನುವುದೇ ಮುಖ್ಯ.

ಇನ್ನು ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ಹೇಳುವುದು. ಇದನ್ನು ನೀವು ಅಡುಗೆಮನೆಯಲ್ಲೇ ಹೇಳಿಕೊಡಬಹುದು. ನಮ್ಮ ಕನ್ನಡದಲ್ಲಿ ಹೇಗೆ ಹೇಳುತ್ತೇವೆ?

‘ನಾನು ನಾಳೆ ಬರ್ತೀನಿ ಅಂತ ಅಪ್ಪ ಹೇಳಿದರು.’

ಇದರಲ್ಲಿ ಅಪ್ಪ ಆಡಿದ ಮಾತು ಹಾಗೇ ಕೂತಿದೆ. ‘ನಾನು’ ಬದಲಾಗಲಿಲ್ಲ. ‘ನಾಳೆ’ ಬದಲಾಗಲಿಲ್ಲ. ‘ಅಂತ’ ಅನ್ನುವ ಒಂದು ಪುಟ್ಟ ಪದ ಎಲ್ಲವನ್ನೂ ಹೊತ್ತುಕೊಂಡಿದೆ. ನಮ್ಮ ಮಕ್ಕಳು ಇದನ್ನೇ ಇಂಗ್ಲಿಷ್‌ಗೆ ಒಯ್ಯುತ್ತಾರೆ. ‘ಫಾದರ್ ಸೆಡ್ ದಟ್ ಐ ವಿಲ್ ಕಮ್ ಟುಮಾರೋ’ ಅಂತ ಬರೆಯುತ್ತಾರೆ. ಆಗ ಬರುವವರು ಅಪ್ಪ ಅಲ್ಲ, ಮಗು ಅಂತಾಗುತ್ತದೆ! ಇಂಗ್ಲಿಷ್‌ನಲ್ಲಿ ಹೇಳುವವರು ತಾವು ನಿಂತ ಜಾಗದಿಂದ, ತಾವು ಹೇಳುವ ಹೊತ್ತಿನಿಂದ ಹೇಳಬೇಕು. ‘ಐ’ ಹೋಗಿ ‘ಹಿ’. ‘ವಿಲ್’ ಹೋಗಿ ‘ವುಡ್’. ‘ಟುಮಾರೋ’ ಹೋಗಿ ‘ದ ನೆಕ್ಸ್ಟ್ ಡೇ’. ‘ಫಾದರ್ ಸೆಡ್ ದಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ.’

ಮೂವತ್ತು ವರ್ಷ ಕಲಿಸಿದ್ದೇನೆ. ಬರೀ ಸೂತ್ರ ಹೇಳಿದಾಗ ಮಕ್ಕಳಿಗೆ ತಲೆಗೆ ಹತ್ತುತ್ತಿರಲಿಲ್ಲ. ‘ಅಂತ’ದಿಂದ ಶುರು ಮಾಡಿದ ದಿನ ಹತ್ತುತ್ತಿತ್ತು.

ಮುಲುಂಡ್‌ನವರ ಕೊನೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಮ್ಮನಿಗೆ ಬಾರದ ಭಾಷೆಯಲ್ಲಿ ಅಮ್ಮ ಮಾತಾಡಿದರೆ ಮನೆಯಲ್ಲಿ ಮಾತೇ ಕಮ್ಮಿಯಾಗುತ್ತದೆ. ‘ಕಮ್’, ‘ಗೋ’, ‘ಈಟ್’ ಇಷ್ಟರಲ್ಲಿ ಮುಗಿಯುತ್ತದೆ. ಮಗು ಒಂದು ವಿಷಯವನ್ನು ಬಿಡಿಸಿ ಹೇಳಲು, ವಾದ ಮಾಡಲು ಕಲಿಯುವುದು ಮನೆಮಾತಿನಲ್ಲಿ. ಆ ವಾದ ಮಾಡುವ ಅಭ್ಯಾಸವೇ ಮುಂದೆ ವ್ಯೂ ಕೌಂಟರ್‌ವ್ಯೂಗೆ ಬರುವುದು. ದಯವಿಟ್ಟು ಕನ್ನಡ ನಿಲ್ಲಿಸಬೇಡಿ.

ಮುಲುಂಡ್‌ನ ಸೋದರಮಾವ

ಸರ್, ನೀವು ಹೇಳಿದ್ದು ಯೋಚಿಸುವಂಥದ್ದು. ನಮ್ಮ ಹುಡುಗ ಆ ವರ್ಷ ಮನೆಯಲ್ಲಿ ಮಾತೇ ಆಡುತ್ತಿರಲಿಲ್ಲ. ಮಾರ್ಕ್ಸ್ ಕಡಿಮೆಯಾದ ಬೇಜಾರು ಅಂದುಕೊಂಡಿದ್ದೆವು. ಮಾಧ್ಯಮ ಬದಲಿಸಿದ್ದು ಸರಿ ಅಂತ ಈಗಲೂ ಅನ್ನುತ್ತೇನೆ. ಮನೆಮಾತಿನ ವಿಷಯ ವಾಪಸ್ ತೆಗೆದುಕೊಳ್ಳುತ್ತೇನೆ.

ಸಯಾನ್ ಹುಡುಗಿ

ಅಕ್ಕ, ನಾನು ಹತ್ತರವರೆಗೆ ಕನ್ನಡ ಮಾಧ್ಯಮ. ಈಗ ಅಕೌಂಟ್ಸ್ ಕೆಲಸದಲ್ಲಿದ್ದೇನೆ. ಮೇಷ್ಟ್ರು ಹೇಳಿದ ಹನ್ನೊಂದನೇ ತರಗತಿಯ ಬಾಗಿಲು ಹೇಗಿರುತ್ತದೆ ಅಂತ ಹೇಳುತ್ತೇನೆ.

ಕಾಮರ್ಸ್ ಸೇರಿದ ಮೊದಲ ವಾರ. ಬುಕ್ ಕೀಪಿಂಗ್ ಕ್ಲಾಸು. ನೂರಕ್ಕೂ ಜಾಸ್ತಿ ಮಕ್ಕಳು. ಮೇಡಂ ‘ಸಂಡ್ರಿ ಡೆಟರ್ಸ್’ ಅಂದರು, ಅಂದರೆ ನಮಗೆ ಹಣ ಕೊಡಬೇಕಾದ ಗಿರಾಕಿಗಳು. ನನಗೆ ಕೇಳಿಸಿದ್ದು ‘ಸಂಡೇ’. ನೋಟ್ಸ್‌ನಲ್ಲಿ ಹಾಗೇ ಬರೆದೆ. ಪಕ್ಕದವಳು ನೋಡಿ ನಕ್ಕಳು, ಹಿಂದಿನ ಬೆಂಚಿಗೂ ತೋರಿಸಿದಳು. ಅವತ್ತು ಲೋಕಲ್‌ನಲ್ಲಿ ಬಾಗಿಲ ಕಡೆ ಮುಖ ಮಾಡಿ ಅಳುತ್ತಾ ಬಂದೆ. ಲೆಕ್ಕ ನನಗೆ ಬರುತ್ತಿತ್ತು ಅಕ್ಕ. ಅದನ್ನು ಕೇಳುವ ಭಾಷೆ ಮಾತ್ರ ಬರುತ್ತಿರಲಿಲ್ಲ.

ಆಮೇಲೆ ನಮ್ಮ ಹಳೆ ಶಾಲೆಯ ಟೀಚರ್ ಒಂದು ಉಪಾಯ ಹೇಳಿದರು. ಅದನ್ನು ನಿಮ್ಮ ಮಗಳು ಈಗಲೇ ಮಾಡಲಿ. ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಗಣಿತದ ಪುಸ್ತಕ ಕನ್ನಡದಲ್ಲೂ ಇದೆ, ಇಂಗ್ಲಿಷ್‌ನಲ್ಲೂ ಇದೆ. ಅದೇ ಪಾಠ, ಅದೇ ಲೆಕ್ಕ, ಅದೇ ಚಿತ್ರ. ವಿಜ್ಞಾನವೂ ಹಾಗೆಯೇ. ಎರಡನ್ನೂ ಎದುರುಬದುರು ತೆರೆದು ಇಟ್ಟುಕೊಳ್ಳಬೇಕು. ಕನ್ನಡದಲ್ಲಿ ಲೆಕ್ಕ ಮಾಡಬೇಕು. ಆಮೇಲೆ ಅದೇ ಲೆಕ್ಕದ ಪ್ರಶ್ನೆಯನ್ನು ಇಂಗ್ಲಿಷ್ ಪುಸ್ತಕದಲ್ಲಿ ಓದಬೇಕು. ಉತ್ತರ ಆಗಲೇ ಗೊತ್ತಿರುವುದರಿಂದ ಹೆದರಿಕೆ ಇರುವುದಿಲ್ಲ. ವರ್ಗ ಸಮೀಕರಣ ಅಂದರೆ ಕ್ವಾಡ್ರಾಟಿಕ್ ಈಕ್ವೇಶನ್, ಸರಾಸರಿ ಅಂದರೆ ಆ್ಯವರೇಜ್, ಹೀಗೆ ಪದಗಳು ತಾವಾಗಿ ಬರುತ್ತವೆ. ಪದಗಳಿಗಿಂತ ಜಾಸ್ತಿ, ಪ್ರಶ್ನೆ ಕೇಳುವ ರೀತಿ ಪರಿಚಯ ಆಗುತ್ತದೆ. ‘ಫೈಂಡ್’ ಅಂದರೇನು, ‘ಪ್ರೂವ್’ ಅಂದರೇನು, ‘ಇಫ್’ ಎಲ್ಲಿಂದ ಎಲ್ಲಿಯವರೆಗೆ ಹೋಗುತ್ತದೆ.

ಇ-ಬಾಲಭಾರತಿ ವೆಬ್‌ಸೈಟಿನಲ್ಲಿ ಪಿಡಿಎಫ್ ಉಚಿತ. ಆದರೆ ಫೋನಿನಲ್ಲಿ ಕಣ್ಣು ನೋಯುತ್ತದೆ, ಹಳೇ ಪುಸ್ತಕ ಸಿಕ್ಕರೆ ಒಳ್ಳೆಯದು. ಕಿಂಗ್ಸ್ ಸರ್ಕಲ್ ಫುಟ್‌ಪಾತ್‌ನಲ್ಲಿ ಹುಡುಕಿ. ಪುಣೆಯಲ್ಲಾದರೆ ಅಪ್ಪಾ ಬಳವಂತ ಚೌಕ.

ನಾನು ಇದನ್ನು ಶುರು ಮಾಡಿದ್ದು ಹನ್ನೊಂದರಲ್ಲಿ, ಎಲ್ಲರೂ ಮುಂದೆ ಹೋದ ಮೇಲೆ. ಅವಳಿಗೆ ಎರಡು ವರ್ಷ ಮೊದಲೇ ಸಿಗುತ್ತಿದೆ.

ಪಿಂಪ್ರಿಯ ಅಪ್ಪ

ಸಿಬಿಎಸ್‌ಇ ಬಗ್ಗೆ ನಾನು ಹೇಳಬಹುದು, ನನ್ನ ಇಬ್ಬರೂ ಮಕ್ಕಳು ಅದರಲ್ಲೇ. ಮೇಡಂ, ಕನ್ನಡ ಮಾಧ್ಯಮದ ಎಂಟರಿಂದ ಸೀದಾ ಸಿಬಿಎಸ್‌ಇ ಒಂಬತ್ತಕ್ಕೆ ಹಾಕಬೇಡಿ. ಮಾಧ್ಯಮ ಒಂದೇ ಅಲ್ಲ, ಬೋರ್ಡೂ ಪುಸ್ತಕವೂ ಒಟ್ಟಿಗೇ ಬದಲಾಗುತ್ತದೆ. ಮರಾಠಿ ಹೇಗೂ ತಪ್ಪುವುದಿಲ್ಲ. 2020ರ ಕಾಯ್ದೆ ಪ್ರಕಾರ ಇಲ್ಲಿ ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಲಿಸಲೇಬೇಕು.

ಸಿಬಿಎಸ್‌ಇಯಲ್ಲಿ ಇರುವವರಿಗೆ ಒಂದು ಮಾತು. ಹನ್ನೊಂದಕ್ಕೆ ಇಂಗ್ಲಿಷ್ ಕೋರ್, ಇಂಗ್ಲಿಷ್ ಎಲೆಕ್ಟಿವ್ ಅಂತ ಎರಡಿದೆ. ಹನ್ನೆರಡನೇ ತರಗತಿಯ ಕೋರ್‌ನಲ್ಲಿ 80 ಅಂಕದ ಪೈಕಿ ಓದುವುದಕ್ಕೆ 22, ಬರೆಯುವುದಕ್ಕೆ 18, ಸಾಹಿತ್ಯಕ್ಕೆ 40. ಉಳಿದ 20 ಶಾಲೆಯಲ್ಲಿ. ಅದರಲ್ಲಿ ಕೇಳುವುದು, ಮಾತಾಡುವುದೂ ಸೇರಿದೆ. ಎಲೆಕ್ಟಿವ್ ಸಾಹಿತ್ಯದ ಒಲವು ಇರುವವರಿಗೆ. ನನ್ನ ದೊಡ್ಡ ಮಗಳು ಕಥೆ ಕಾದಂಬರಿಯ ಹುಚ್ಚಿನವಳು, ಎಲೆಕ್ಟಿವ್ ಬೇಕು ಅಂದಳು. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಓದುವ ಮಗ ಕೋರ್ ತೆಗೆದುಕೊಂಡ. ಸೇರುವ ಮುಂಚೆ ಎರಡೂ ಪುಸ್ತಕವನ್ನು ಎನ್‌ಸಿಇಆರ್‌ಟಿಯಿಂದ ಇಳಿಸಿ ಮಗುವಿಗೇ ಕೊಡಿ. ಎರಡು ದಿನ ಓದಲಿ. ಯಾವುದನ್ನು ಕೆಳಗಿಡದೆ ಓದುತ್ತದೆ ನೋಡಿ. ನಮ್ಮ ಮನೆಯಲ್ಲಿ ಹಾಗೇ ತೀರ್ಮಾನ ಆಯಿತು.

ಠಾಣೆಯ ಕುಂದಾಪುರದವಳು

ನಮ್ಮದು ಐಸಿಎಸ್‌ಇ. ಅಲ್ಲಿ ಇಂಗ್ಲಿಷ್‌ಗೆ ಎರಡು ಪತ್ರಿಕೆ, ಭಾಷೆ ಒಂದು, ಸಾಹಿತ್ಯ ಒಂದು. ತಲಾ 80. ಭಾಷೆಯಲ್ಲಿ ಪ್ರಬಂಧಕ್ಕೇ 20. ಆ ಇಪ್ಪತ್ತಕ್ಕೆ ಹೆದರಿ ಮಗಳನ್ನು ಒಂದು ಟ್ಯೂಷನ್‌ಗೆ ಹಾಕಿದ್ದೆ. ಅಲ್ಲಿ ಮೂವತ್ತು ಪ್ರಬಂಧ ಬರೆಸಿ ಬಾಯಿಪಾಠ ಮಾಡಿಸಿದರು. ಶಾಲೆಯ ಪರೀಕ್ಷೆಯಲ್ಲಿ ಮಳೆಗಾಲದ ಬಗ್ಗೆ ಬಂತು. ಆ ಟ್ಯೂಷನ್‌ನ ಮಕ್ಕಳೆಲ್ಲ ಒಂದೇ ಪ್ರಬಂಧ ಬರೆದಿದ್ದರು. ಟೀಚರ್ ನನ್ನನ್ನು ಕರೆಸಿ ನಾಲ್ಕು ಹಾಳೆ ಸಾಲಾಗಿ ಇಟ್ಟು ತೋರಿಸಿದರು. ಮೊದಲ ಸಾಲಿನಿಂದ ಕೊನೆ ಸಾಲಿನವರೆಗೆ ಒಂದೇ. ನನಗೆ ಮಾತೇ ಹೊರಡಲಿಲ್ಲ. ಕಟ್ಟಿದ ಹಣ ವಾಪಸ್ ಬರಲಿಲ್ಲ, ಆದರೂ ಬಿಡಿಸಿದೆ.

ಆಮೇಲೆ ಅತ್ತೆಯವರೇ ದಾರಿ ತೋರಿಸಿದರು. ಅವರಿಗೆ ಇಂಗ್ಲಿಷ್ ಎ ಬಿ ಸಿ ಕೂಡ ಬರುವುದಿಲ್ಲ. ಮೊಮ್ಮಗಳಿಗೆ ‘ಹಾಲುಬಾಯಿ ಮಾಡುವುದು ಹೇಳ್ತೀನಿ, ನಿನ್ನ ಇಂಗ್ಲಿಷ್‌ನಲ್ಲಿ ಬರ್ಕೋ’ ಅಂದರು. ಅಕ್ಕಿ ನೆನೆಸಿ, ತೆಂಗಿನಕಾಯಿ ಜೊತೆ ನುಣ್ಣಗೆ ರುಬ್ಬಿ, ಬೆಲ್ಲ ಹಾಕಿ, ತಳ ಬಿಡುವ ತನಕ ಮಗುಚಬೇಕು. ಮಗಳು ‘ತಳ ಬಿಡುವ ತನಕ’ದ ಹತ್ತಿರ ನಿಂತಳು. ಬಾಟಮ್, ಲೀವ್, ಏನೇನೋ ಬರೆದು ಹೊಡೆದು ಹಾಕಿದಳು. ಕೊನೆಗೆ ಇಂಗ್ಲಿಷ್ ಅಡುಗೆ ವಿಡಿಯೋ ಮೂರು ನೋಡಿ ‘ಅಂಟಿಲ್ ಇಟ್ ಲೀವ್ಸ್ ದ ಸೈಡ್ಸ್ ಆಫ್ ದ ಪ್ಯಾನ್’ ಅಂತ ಹುಡುಕಿದಳು. ಅವರು ಪಕ್ಕ ಬಿಡುತ್ತದೆ ಅಂತಾರೆ, ನಾವು ತಳ ಬಿಡುತ್ತದೆ ಅಂತೀವಿ! ಅದನ್ನು ಅಜ್ಜಿಗೆ ಬಿಡಿಸಿ ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಈಗ ಪ್ರತಿ ಭಾನುವಾರ ಅಜ್ಜಿಯ ಒಂದು ಕತೆ ಅಥವಾ ಒಂದು ಅಡುಗೆ. ಒಂದು ಪುಟ, ಅಷ್ಟೇ. ಯಾರ ನೋಟ್ಸ್‌ನಲ್ಲೂ ಇಲ್ಲದ ವಾಕ್ಯಗಳು ಬರುತ್ತಿವೆ.

ವಾಸ್ಕೋದಿಂದ

ನಾನು ಗೋವಾದಲ್ಲಿ ಬಂದರಿನ ಕೆಲಸದಲ್ಲಿದ್ದೇನೆ. ಊರು ಗದಗ. ನಮ್ಮ ಮಗ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೂ ಶಿಫ್ಟ್ ಮುಗಿಸಿ ಬಂದು ಹತ್ತು ನಿಮಿಷ ಅವನ ಪಾಠ ಕೇಳುತ್ತೇನೆ. ಅವನು ಗಟ್ಟಿಯಾಗಿ ಓದಬೇಕು. ಅರ್ಥ ಆಗದಿದ್ದರೂ ಎಲ್ಲಿ ತಡವರಿಸಿದ ಅಂತ ಕಿವಿಗೆ ಗೊತ್ತಾಗುತ್ತದೆ. ಅಲ್ಲಿ ಪೆನ್ಸಿಲ್ ಗೆರೆ ಹಾಕಿಸುತ್ತೇನೆ. ಮರುದಿನ ಆ ಪದಗಳನ್ನು ಟೀಚರ್ ಹತ್ತಿರ ಕೇಳಿಕೊಂಡು ಬರುತ್ತಾನೆ. ಪುಟ ಮುಗಿದ ಮೇಲೆ ಕನ್ನಡದಲ್ಲಿ ಕತೆ ಹೇಳು ಅನ್ನುತ್ತೇನೆ. ಹೇಳಲು ಬಂದರೆ ತಿಳಿದಿದೆ ಅಂತ ಅರ್ಥ. ಬರದಿದ್ದರೆ ಇನ್ನೊಂದು ಸಲ ಓದುತ್ತಾನೆ. ತಿಂಗಳಿಗೊಮ್ಮೆ ಪಣಜಿಯ ಕೃಷ್ಣದಾಸ ಶಾಮಾ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗುತ್ತೇನೆ.

ಮಾಟುಂಗಾದ ಮೇಷ್ಟ್ರು

ವಾಸ್ಕೋದ ಅಪ್ಪನವರೇ, ನೀವು ಮಾಡುತ್ತಿರುವುದು ನಾನು ಎಲ್ಲ ತಂದೆ ತಾಯಿಯರಿಗೆ ಹೇಳಲು ಬಯಸುವ ಕೆಲಸ. ಕಣ್ಣಲ್ಲಿ ಓದುವಾಗ ಮಗು ಬಾರದ ಪದವನ್ನು ಹಾರಿಸಿಬಿಡುತ್ತದೆ. ಗಟ್ಟಿಯಾಗಿ ಓದುವಾಗ ಹಾರಿಸಲು ಆಗುವುದಿಲ್ಲ. ಕೇಳುವವರಿಗೆ ಇಂಗ್ಲಿಷ್ ಬರಬೇಕು ಅಂತ ಏನೂ ಇಲ್ಲ. ಎದುರಿಗೆ ಕೂರಬೇಕು, ಅಷ್ಟೇ.

ಡೊಂಬಿವಲಿ ತಾಯೀ, ನಿಮ್ಮ ಹತ್ತಿರ ಇನ್ನೊಂದು ಉಚಿತ ಪಾಠಶಾಲೆ ಇದೆ. ಲೋಕಲ್ ಟ್ರೈನು. ಒಂದೇ ಸ್ಟೇಷನ್ ಹೆಸರನ್ನು ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೇಳುತ್ತಾರೆ. ಮಗಳ ಜೊತೆ ಹೋಗುವಾಗ ನಾಲ್ಕನೆಯದನ್ನು ಕನ್ನಡದಲ್ಲಿ ಅವಳೇ ಹೇಳಲಿ. ಬೋರ್ಡು, ಜಾಹೀರಾತು, ಎಚ್ಚರಿಕೆ, ಯಾವುದಾದರೂ ಸರಿ. ಅನುವಾದದ ಪ್ರಶ್ನೆಗೆ ಬೇರೆ ತಯಾರಿ ಬೇಡ.

ಇನ್ನೊಂದು ವಿಷಯ ವಿಚಾರಿಸಿ. ಮರಾಠಿ ಶಾಲೆಗಳಲ್ಲಿ ಸೆಮಿ ಇಂಗ್ಲಿಷ್ ಅಂತ ಇದೆ. ಗಣಿತ, ವಿಜ್ಞಾನ ಇಂಗ್ಲಿಷ್‌ನಲ್ಲಿ, ಉಳಿದದ್ದು ಮನೆಮಾತಿನಲ್ಲಿ. ನಿಮ್ಮ ಶಾಲೆಯಲ್ಲಿ ಅಂಥ ಏರ್ಪಾಡು ಇದ್ದರೆ ಎರಡು ದೋಣಿಯ ನಡುವೆ ಒಂದು ಹಲಗೆ ಹಾಕಿದಂತೆ.

ಡೊಂಬಿವಲಿಯ ಅಮ್ಮ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ಯಜಮಾನರಿಗೆ ಓದಿ ಹೇಳಿದೆ. ಶಾಲೆಗೂ ಹೋಗಿ ಬಂದೆ. ಸೆಮಿ ಇಂಗ್ಲಿಷ್ ಅಲ್ಲಿಲ್ಲ. ಆದರೆ ಗಣಿತದ ಸರ್, ಇಂಗ್ಲಿಷ್ ಪುಸ್ತಕ ತಂದರೆ ಶನಿವಾರ ಅರ್ಧ ಗಂಟೆ ಕೂತು ಹೇಳಿಕೊಡುತ್ತೇನೆ ಅಂದರು. ಇನ್ನೂ ನಾಲ್ಕು ಮಕ್ಕಳು ಸೇರಿದ್ದಾರೆ. ಮಗಳನ್ನೇ ಕೇಳಿದೆ. ಅವಳು ಹತ್ತರವರೆಗೆ ಇಲ್ಲೇ ಓದುತ್ತೇನೆ ಅಂದಳು. ನಾದಿನಿಗೆ ಸ್ವಲ್ಪ ಬೇಸರ ಆಯಿತು, ಇರಲಿ. ನಾವು ಇಲ್ಲೇ ಅಂತ ತೀರ್ಮಾನ ಮಾಡಿದ್ದೇವೆ.

ಮೇಷ್ಟ್ರೇ, ನಿಮಗೆ ಒಂದು ಹೇಳಲೇಬೇಕು. ಮೊನ್ನೆ ರೊಟ್ಟಿ ಬಡಿಯುವಾಗ ನಾನೇ ಅವಳನ್ನು ಕರೆದೆ. ‘ಅಂತ’ದ ವಿಷಯ ನೀವು ಹೇಳಿದ ಹಾಗೇ ಹೇಳಿದೆ. ಮೊದಲು ನನ್ನ ಮುಖ ನೋಡಿದಳು, ‘ನಿಂಗೆ ಹೆಂಗೆ ಗೊತ್ತು?’ ಅಂದಳು. ಆಮೇಲೆ ಹಿಟ್ಟಿನ ಡಬ್ಬಿ ಪಕ್ಕ ಕೂತು ಒಂದೊಂದೇ ವಾಕ್ಯ ತಿರುಗಿಸಿದಳು.

ಅಷ್ಟರಲ್ಲಿ ಅವರಪ್ಪನ ಫೋನು ಬಂತು. ‘ನಾನು ಇವತ್ತು ಲೇಟಾಗಿ ಬರ್ತೀನಿ’ ಅಂದರು. ಫೋನ್ ಇಟ್ಟು ಅವಳು ಇಂಗ್ಲಿಷ್‌ನಲ್ಲಿ ಹೇಳಿದಳು, ‘ಫಾದರ್ ಸೆಡ್ ದಟ್ ಹಿ ವುಡ್ ಕಮ್ ಲೇಟ್ ಟುಡೇ.’ ನಾನು ಬಿಡಲಿಲ್ಲ. ‘ಟುಡೇ’ ಬದಲಾಗಬೇಕಲ್ವಾ ಅಂದೆ. ಅವಳು ವಾದಕ್ಕೇ ನಿಂತಳು. ‘ಅಪ್ಪ ಹೇಳಿದ್ದೂ ಇವತ್ತೇ, ನಾನು ಹೇಳ್ತಿರೋದೂ ಇವತ್ತೇ. ಯಾಕೆ ಬದಲಾಗಬೇಕು?’ ಅಂತ. ನನಗೆ ಉತ್ತರ ಗೊತ್ತಿಲ್ಲ. ಯಾರು ಸರಿ?

ಮಾಟುಂಗಾದ ಮೇಷ್ಟ್ರು

ನಿಮ್ಮ ಮಗಳು ಸರಿ. ಅದೇ ದಿನ ಹೇಳುವಾಗ ‘ಟುಡೇ’ ಹಾಗೇ ಇರಬಹುದು. ಪರೀಕ್ಷೆಯಲ್ಲಿ ಯಾವ ದಿನ ಅಂತ ಕೊಟ್ಟಿರುವುದಿಲ್ಲ, ಅಲ್ಲಿ ‘ದಟ್ ಡೇ’ ಅಂತ ಬರೆಯಲಿ. ಯಾಕೆ ಅಂತ ಅವಳಿಗೆ ಆಗಲೇ ತಿಳಿದಿದೆ. ಪುಸ್ತಕದಲ್ಲಿ ಇಲ್ಲದ್ದನ್ನು ಅವಳು ತಾನೇ ಕಂಡುಕೊಂಡಿದ್ದಾಳೆ. ಇದನ್ನು ಓದಿ ನನಗೆ ಎಷ್ಟು ಸಂತೋಷ ಆಯಿತು ಅಂತ ಅವಳಿಗೆ ತಿಳಿಸಿ.

ಡೊಂಬಿವಲಿಯ ಅಮ್ಮ

ಓದಿ ಹೇಳಿದೆ ಸರ್. ಎರಡು ಸಲ ಓದಿಸಿಕೊಂಡಳು.

ಒಂಬತ್ತನೇ ತರಗತಿಯ ಗಣಿತ ಭಾಗ ಒಂದು, ಭಾಗ ಎರಡು, ಇಂಗ್ಲಿಷ್ ಮಾಧ್ಯಮದ ಹಳೇ ಪ್ರತಿ ಯಾರ ಹತ್ತಿರವಾದರೂ ಇದೆಯಾ?

ಸಯಾನ್ ಹುಡುಗಿ

ಎರಡೂ ಇವೆ ಅಕ್ಕ. ಅಂಚಿನಲ್ಲೆಲ್ಲ ನನ್ನ ತಂಗಿ ಪೆನ್ಸಿಲ್‌ನಲ್ಲಿ ಕನ್ನಡ ಅರ್ಥ ಬರೆದಿದ್ದಾಳೆ, ಅಳಿಸದೆ ಹಾಗೇ ತರುತ್ತೇನೆ. ಭಾನುವಾರ ದಾದರ್ ಸೇತುವೆ ಹತ್ತಿರ ಸಿಗೋಣವಾ? ಅವಳನ್ನೂ ಕರೆದುಕೊಂಡು ಬನ್ನಿ.